ಅಪಸ್ಮಾರ: ತಪ್ಪು ನರಕೋಶದ್ದು ಮಾತ್ರವಲ್ಲ

ಮೆದುಳಿನ ನರಕೋಶಗಳು ಅಂಕೆ ಮೀರಿ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸಿದಾಗ ಫಿಟ್ಸ್ ಬರುತ್ತದೆ ಎಂಬುದು ಬಹುತೇಕರಿಗೆ ತಿಳಿದ ವಿಚಾರ. ಆದರೆ ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯ ಅಧ್ಯಯನಗಳು ಮತ್ತೊಂದು ಬಗೆಯ ಕೋಶದತ್ತಲೂ ಬೊಟ್ಟು ಮಾಡುತ್ತವೆ. ಅದು ನಕ್ಷತ್ರದಾಕಾರದ ಆಸ್ಟ್ರೋಸೈಟ್.

ಫ್ರಾನ್ಸ್‌ನ ವೈದ್ಯ ಬೂರ್ನ್‌ವಿಲ್ 1880ರಲ್ಲಿ ಈ ಕಾಯಿಲೆಯನ್ನು ವಿವರಿಸಿದರು. ಮೆದುಳಿನಲ್ಲಿ ಗೆಡ್ಡೆಯಂತಹ ಗಟ್ಟಿ ಭಾಗಗಳು ಕಂಡುಬಂದದ್ದರಿಂದ ಆ ಹೆಸರು ಬಂತು. ಸುಮಾರು 6,000 ಶಿಶುಗಳಲ್ಲಿ ಒಂದಕ್ಕೆ ಈ ಕಾಯಿಲೆ ಇರುತ್ತದೆ. ರೋಗಿಗಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಅಪಸ್ಮಾರ ಕಾಡುತ್ತದೆ. ಟಿಎಸ್‌ಸಿ-1 ಅಥವಾ ಟಿಎಸ್‌ಸಿ-2 ಜೀನ್‌ನಲ್ಲಿನ ದೋಷವೇ ಇದಕ್ಕೆ ಕಾರಣ. ಕೋಶದ ಬೆಳವಣಿಗೆಯನ್ನು ಪ್ರಚೋದಿಸುವ ಎಂಟಾರ್ ಎಂಬ ಪ್ರೋಟೀನ್‌ಗೆ ಈ ಜೀನ್‌ಗಳು ಕಡಿವಾಣ ಹಾಕುತ್ತವೆ. ಕಡಿವಾಣ ತಪ್ಪಿದರೆ ಕೋಶಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ.

ಆಸ್ಟ್ರೋಸೈಟ್‌ಗಳದು ಮೆದುಳಿನ ಮನೆವಾರ್ತೆ. ನರಕೋಶ ಸಂಕೇತ ಕಳುಹಿಸಿದಾಗಲೆಲ್ಲ ಹೊರಬೀಳುವ ಪೊಟ್ಯಾಸಿಯಂ ಹಾಗೂ ಗ್ಲುಟಮೇಟನ್ನು ಇವು ಹೀರಿಕೊಂಡು ಸುತ್ತಲನ್ನು ಶುಚಿಯಾಗಿಡುತ್ತವೆ. ಶಸ್ತ್ರಚಿಕಿತ್ಸೆಯಲ್ಲಿ ಹೊರತೆಗೆದ ರೋಗಿಗಳ ಗೆಡ್ಡೆಗಳಲ್ಲಿ ಕೆಲವು ಆಸ್ಟ್ರೋಸೈಟ್‌ಗಳು ಊದಿಕೊಂಡು, ಈ ಹೀರುವ ಕೆಲಸಕ್ಕೆ ಬೇಕಾದ ಪ್ರೋಟೀನ್‌ಗಳನ್ನೇ ಕಳೆದುಕೊಂಡಿದ್ದವು. ಉದ್ರೇಕಕಾರಿ ಗ್ಲುಟಮೇಟ್ ಹೊರಗೇ ಉಳಿದರೆ ನೆರೆಯ ನರಕೋಶಗಳು ಕೆರಳುವುದು ಸಹಜ.

ಅಮೆರಿಕದ ಸಂಶೋಧಕರು 2002ರಲ್ಲಿ ಇಲಿಗಳ ಆಸ್ಟ್ರೋಸೈಟ್‌ಗಳನ್ನು ಗುರಿಯಾಗಿಸಿ ಟಿಎಸ್‌ಸಿ-1 ಜೀನನ್ನು ತೆಗೆದಾಗ ಅವುಗಳಿಗೆ ಫಿಟ್ಸ್ ಬಂತು. 2008ರಲ್ಲಿ ಅಂತಹ ಇಲಿಗಳಿಗೆ ಎಂಟಾರನ್ನು ತಡೆಯುವ ರಾಪಾಮೈಸಿನ್ ಔಷಧಿಯನ್ನು ಮೊದಲೇ ನೀಡಿದಾಗ ಅಪಸ್ಮಾರ ತಲೆದೋರಲಿಲ್ಲ.

ಅದೇ ಗುಂಪಿನ ಎವರೊಲಿಮಸ್ ಔಷಧಿಯನ್ನು 366 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2016ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಹೆಚ್ಚಿನ ಪ್ರಮಾಣದ ಔಷಧಿ ಪಡೆದವರ ಪೈಕಿ ಶೇ. 40ರಷ್ಟು ಮಂದಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಯಿತು ಅಥವಾ ಅರ್ಧಕ್ಕಿಳಿಯಿತು. ಔಷಧಿಯಿಲ್ಲದ ಹುಸಿಗುಳಿಗೆ ಪಡೆದವರಲ್ಲಿ ಈ ಪ್ರಮಾಣ ಶೇ. 15 ಮಾತ್ರ. 2018ರಲ್ಲಿ ಅಮೆರಿಕ ಈ ಬಳಕೆಗೆ ಅನುಮತಿ ನೀಡಿತು. ಬಾಯಿಹುಣ್ಣು, ಸೋಂಕಿನಂತಹ ಅಡ್ಡಪರಿಣಾಮಗಳು ಇದಕ್ಕಿವೆ. ಎಲ್ಲರಿಗೂ ಇದು ಫಲಿಸುವುದೂ ಇಲ್ಲ.

ಆದ್ದರಿಂದ ರೋಗವನ್ನು ಬೇಗ ಗುರುತಿಸುವುದೇ ಮುಖ್ಯ. ಹಸುಗೂಸಿನ ಮೈಮೇಲೆ ಎಲೆಯಾಕಾರದ ಬಿಳಿ ಮಚ್ಚೆಗಳಿದ್ದು, ಮಗು ಬೆಚ್ಚಿದಂತೆ ಪದೇ ಪದೇ ಕೈಕಾಲು ಮುದುಡುತ್ತಿದ್ದರೆ ದೃಷ್ಟಿಯಾಯಿತು, ಗಾಳಿ ಸೋಕಿತು ಎಂದು ಕಾಲ ಕಳೆಯಬಾರದು. ತಂದೆತಾಯಿಗೆ ಕಾಯಿಲೆ ಇಲ್ಲವೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಮೂರರಲ್ಲಿ ಎರಡು ಪಾಲು ಪ್ರಕರಣಗಳಲ್ಲಿ ಜೀನ್ ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿರುತ್ತದೆ. ತಡಮಾಡದೆ ನರರೋಗ ತಜ್ಞರಿಗೆ ತೋರಿಸುವುದು ಒಳಿತು.