ಖಲೀಫರ ಅಪ್ಪಣೆ, ಸಾಹುಕಾರರ ಕುಲುಮೆ

ತೆಲಂಗಾಣದ ಜಹೀರಾಬಾದ್ ಮತ್ತು ನಾರಾಯಣಖೇಡ 1956ರವರೆಗೆ ಬೀದರ್ ಜಿಲ್ಲೆಗೆ ಸೇರಿದ್ದವು, ತಾಂಡೂರು ಕಲಬುರಗಿಯದಾಗಿತ್ತು. ಮಧ್ಯಯುಗದಲ್ಲಿ ಈ ಸೀಮೆಯನ್ನು ಆಳಿದ ಬಹಮನಿ ಸುಲ್ತಾನರು ಬೆಳ್ಳಿ ಟಂಕ ಅಚ್ಚು ಹಾಕಿಸಿದ್ದೂ ಮುಖ್ಯವಾಗಿ ಕಲಬುರಗಿ, ಬೀದರ್ ಊರುಗಳಲ್ಲಿ. ನಾಣ್ಯದ ಮೇಲೆ ಕಲಬುರಗಿಯ ಹೆಸರು ಅಹ್ಸನಾಬಾದ್, ಬೀದರಿನದು ಮುಹಮ್ಮದಾಬಾದ್.

ಸುಮಾರು 11 ಗ್ರಾಂ ತೂಗುವ ಟಂಕದಲ್ಲಿ ಚಿತ್ರವಿಲ್ಲ, ತುಂಬ ಅರಬ್ಬಿ ಬರಹ. 1347ರಲ್ಲಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಅದರಲ್ಲಿ ತನ್ನನ್ನು ಎರಡನೆಯ ಸಿಕಂದರ್ ಎಂದೂ ಖಿಲಾಫತ್ತಿನ ಬಲಗೈ ಎಂದೂ ಕರೆಸಿಕೊಂಡ. ದೆಹಲಿಯ ವಿರುದ್ಧ ಬಂಡೆದ್ದು ಗದ್ದುಗೆ ಏರಿದವನಿಗೆ ಧರ್ಮದ ಬೆಂಬಲ ಬೇಕಿತ್ತು. ಮಗ ಒಂದನೇ ಮುಹಮ್ಮದನ ಕಾಲದಲ್ಲಿ ರಾಜಮಾತೆ ಹಜ್ ಯಾತ್ರೆಗೆ ಹೋದಾಗ, ಕೈರೋದಲ್ಲಿದ್ದ ಅಬ್ಬಾಸಿ ಖಲೀಫರಿಂದ ಖುತ್ಬಾ (ಶುಕ್ರವಾರದ ಪ್ರಾರ್ಥನೆಯ ಪ್ರವಚನ) ಓದಿಸುವ, ನಾಣ್ಯ ಹೊರಡಿಸುವ ಅಪ್ಪಣೆ ಪಡೆದು ತಂದಳೆಂದು ಚರಿತ್ರಕಾರರು ಬರೆದಿದ್ದಾರೆ.

ಅದೇ ಕಾಲದ ಜರ್ಮನಿಯಲ್ಲಿ ಈ ಲೆಕ್ಕ ತಿರುಗುಮುರುಗು. ಅಲ್ಲಿ ಗುರುವೇ ದೊರೆ; ನಾಣ್ಯದ ಹಕ್ಕು ಕೊಡುವವನು ಚಕ್ರವರ್ತಿ. ಕಲೋನ್, ಮೈಂಜ್, ಟ್ರಿಯರ್‌ಗಳ ಆರ್ಚ್‌ಬಿಷಪ್ಪರು ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಮೂವರು. ಆ ಏಳು ಮಂದಿಯ ನಾಣ್ಯದ ಹಕ್ಕನ್ನು ಚಕ್ರವರ್ತಿ ಹೊರಡಿಸಿದ 1356ರ ಸುವರ್ಣ ಶಾಸನ (ಗೋಲ್ಡನ್ ಬುಲ್) ಗಟ್ಟಿ ಮಾಡಿತು. ಅವರ ಬೆಳ್ಳಿ ನಾಣ್ಯಗಳಲ್ಲಿ ಸಂತ ಪೀಟರ್, ಮೈಂಜಿನ ಲಾಂಛನವಾದ ಚಕ್ರ ಮೂಡಿದವು.

ಆದರೆ ಪೇಟೆಗೆ ಮುದ್ರೆಗಿಂತ ಲೋಹ ಮುಖ್ಯ. ಚರಿತ್ರಕಾರ ಫರಿಶ್ತಾ ಹೇಳುವ ಪ್ರಕಾರ, ವಿಜಯನಗರ ಮತ್ತು ತೆಲಂಗಾಣದ ಅರಸರ ಕುಮ್ಮಕ್ಕಿನಿಂದ ಬಹಮನಿ ರಾಜ್ಯದ ಸಾಹುಕಾರರು ಸುಲ್ತಾನರ ನಾಣ್ಯಗಳನ್ನು ಕರಗಿಸತೊಡಗಿದರು. ಚಲಾವಣೆಯಲ್ಲಿ ಚಿನ್ನದ ನಾಣ್ಯಗಳಾದ ಹೊನ್ನು, ಪ್ರತಾಪಗಳೇ ಉಳಿಯಲೆಂಬುದು ಅದರ ಉದ್ದೇಶ. ಎಚ್ಚರಿಕೆಗೆ ಬಗ್ಗದಿದ್ದಾಗ ಮುಹಮ್ಮದ್ ಅವರನ್ನು ಕೊಲ್ಲಿಸಿ, ಉತ್ತರದಿಂದ ಬಂದಿದ್ದ ಖತ್ರಿಗಳಿಗೆ ಲೇವಾದೇವಿ ವಹಿಸಿದನಂತೆ. ಫರಿಶ್ತಾ ಬರೆದದ್ದು ಸುಮಾರು ಎರಡೂವರೆ ಶತಮಾನಗಳ ನಂತರ, ಆಸ್ಥಾನದ ಕಣ್ಣಿನಿಂದ; ಕರಗಿಸಿದವರ ಮಾತು ಅದರಲ್ಲಿಲ್ಲ.

ರೈನ್ ತೀರದಲ್ಲೂ ಧರ್ಮಗುರುವಿನ ಮುದ್ರೆಯೊಂದೇ ಸಾಲಲಿಲ್ಲ. 1386ರಲ್ಲಿ ಮೂವರು ಆರ್ಚ್‌ಬಿಷಪ್ಪರು ಪ್ಯಾಲಟಿನೇಟಿನ ದೊರೆಯೊಡನೆ ಒಕ್ಕೂಟ ಮಾಡಿಕೊಂಡು, ನಾಣ್ಯದ ತೂಕಕ್ಕೂ ಲೋಹದ ಶುದ್ಧಿಗೂ ಒಂದೇ ಕಟ್ಟಳೆ ಹಾಕಿಕೊಂಡರು. ಅವರು ಒಪ್ಪಂದದಿಂದ ಗಳಿಸಹೊರಟ ನಂಬಿಕೆಯನ್ನು ಕಲಬುರಗಿಯ ಸುಲ್ತಾನ ಕತ್ತಿಯಿಂದ ಪಡೆಯಲು ಹೋದ. ದಖ್ಖನಿನ ಪೇಟೆ ಮಾತ್ರ ಚಿನ್ನದ ಹೊನ್ನನ್ನು ಬಿಡಲಿಲ್ಲ. ಬಹಮನಿ ರಾಜ್ಯ ಒಡೆದು ಹೋದ ಮೇಲೂ ಅದು ಕೈಯಿಂದ ಕೈಗೆ ಓಡಾಡುತ್ತಲೇ ಇತ್ತು.