ತಾರ್ನಾಕದಲ್ಲಿ ಗೋಕಾಕ ಮಾಸ್ತರರು

ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಒಂದು ದಿನ ನೋಟ್‌ಬುಕ್ಕಿನ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಹರಿದು ತುಟಿಯೆದುರು ಹಿಡಿದರು. ‘ಪೆನ್’ ಎಂದರು. ಪಟ್ಟಿ ಅಲುಗಲಿಲ್ಲ. ‘ಇದು ನಮ್ಮ ಪೆನ್ನು’ ಎಂದು ಹೇಳಿ, ಅದೇ ಮಾತನ್ನು ಉಸಿರು ಕೂಡಿಸಿ ಇನ್ನೊಮ್ಮೆ ಅಂದರು. ಪಟ್ಟಿ ಪಟಪಟನೆ ಹಾರಿತು. ‘ಕನ್ನಡ ಪಂಡಿತರು ತುಟಿ ಕೂಡಿಸಿ ಫಲ, ಫಣಿ ಅಂತಾರಲ್ಲ, ಇಂಗ್ಲಿಷಿನ ಈ ಪ ಆ ಮಹಾಪ್ರಾಣಕ್ಕ ಹತ್ತಿರ. ನೀವು ಅಲ್ಪಪ್ರಾಣ ಹಚ್ಚತೀರಿ.’ ಅಂದು ತರಗತಿಯ ಅಷ್ಟೂ ಹುಡುಗರು ಹಾಳೆ ಹರಿದೆವು. ಇದನ್ನೆಲ್ಲ ಎಲ್ಲಿ ಕಲಿತಿರಿ ಸರ್ ಎಂದು ಯಾರೋ ಕೇಳಿದರು. ‘ಹೈದರಾಬಾದಿನೊಳಗ, ನಮ್ಮ ಗೋಕಾಕರು ಇದ್ದ ಸಂಸ್ಥಾದಾಗ’ ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ಕಂಡ ಹೆಮ್ಮೆ ನನಗೆ ಈಗಲೂ ನೆನಪಿದೆ.

ಅವರು ಹೇಳಿದ ಸಂಸ್ಥೆ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್. ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲೇ ಇದೆ. ಹುಟ್ಟಿದ್ದು 1958ರಲ್ಲಿ. ಕೇಂದ್ರ ಸರ್ಕಾರದ ಜೊತೆ ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಫೌಂಡೇಶನ್ ಕೈಗೂಡಿಸಿದ್ದವು. 1972ರಲ್ಲಿ ಬೇರೆ ದೇಶಗಳ ಭಾಷೆಗಳೂ ಸೇರಿ ಹೆಸರು ಸೀಫೆಲ್ ಆಯಿತು. 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾಗಿ, ಇಂದು ಇಫ್ಲು ಎಂದು ಹೆಸರಾಗಿದೆ. ಹೊಸ ತಲೆಮಾರಿಗೆ ಗೊತ್ತಿರುವುದು ಈ ಕೊನೆಯ ಹೆಸರು ಮಾತ್ರ.

ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷಿನ ಸ್ಥಾನ ಬದಲಾಯಿತು. ಧಾರವಾಡ ಆಗ ಸೇರಿದ್ದ ಮುಂಬಯಿ ರಾಜ್ಯದಲ್ಲಿ ಎಂಟನೆಯ ಇಯತ್ತೆಗೆ ಬಂದ ಮೇಲೆಯೇ ಎಬಿಸಿಡಿ. ಎಲ್ಲ ವಿಷಯಗಳನ್ನೂ ಇಂಗ್ಲಿಷಿನಲ್ಲೇ ಓದಿದ ಹಿಂದಿನ ಕಾಲದ ಹುಡುಗರಿಗೆ ನಡೆಯುತ್ತಿದ್ದ ಪಾಠ, ಮೂರು ನಾಲ್ಕು ವರ್ಷ ಮಾತ್ರ ಕಲಿಯುವ ಹಳ್ಳಿಯ ಹುಡುಗರಿಗೆ ನಡೆಯುವ ಹಾಗಿರಲಿಲ್ಲ. ವ್ಯಾಕರಣದ ಸೂತ್ರ ಬಾಯಿಪಾಠ ಮಾಡಿಸಿ, ಪದ್ಯಕ್ಕೆ ಕನ್ನಡದಲ್ಲಿ ಅರ್ಥ ಬರೆಸುವ ಕ್ರಮ ಬಿಟ್ಟು ಬೇರೆ ದಾರಿ ಬೇಕಿತ್ತು. ಮಕ್ಕಳಿಗಿಂತ ಮೊದಲು ಆ ದಾರಿ ತಿಳಿಯಬೇಕಾದವರು ಮಾಸ್ತರರು. ಅದಕ್ಕೆಂದೇ ಈ ಸಂಸ್ಥೆ.

1959ರಲ್ಲಿ ಇದರ ನಿರ್ದೇಶಕರಾಗಿ ಬಂದವರು ವಿನಾಯಕ ಕೃಷ್ಣ ಗೋಕಾಕ. ಸವಣೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಕವಿಯಾಗಿ ಬೆಳೆದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ್ದರು, ಆಕ್ಸ್‌ಫರ್ಡಿಗೆ ಹೋಗಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ ಪಡೆದು ಬಂದಿದ್ದರು. ಆಮೇಲೆ ಸಾಂಗ್ಲಿ, ವಿಸನಗರ, ಕೊಲ್ಹಾಪುರ, ಧಾರವಾಡದ ಕರ್ನಾಟಕ ಕಾಲೇಜು. ಹೋದಲ್ಲೆಲ್ಲ ಅವರು ಪ್ರಿನ್ಸಿಪಾಲರೂ ಆಗಿದ್ದರು, ಮಾಸ್ತರರೂ ಆಗಿದ್ದರು. ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಒಂದು ವರ್ಷವಾಗಿತ್ತಷ್ಟೇ. ಕನ್ನಡದ ಕವಿಯೊಬ್ಬರು ದೇಶದ ಇಂಗ್ಲಿಷ್ ಮಾಸ್ತರರಿಗೆ ಮಾಸ್ತರರಾದರು. ಅವರ ‘ದ್ಯಾವಾ ಪೃಥಿವೀ’ಗೆ 1960ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ಹೈದರಾಬಾದಿನಲ್ಲೇ ಇದ್ದರು. ‘ಇಂಗ್ಲಿಷ್ ಇನ್ ಇಂಡಿಯಾ’ ಎಂಬ ಪುಸ್ತಕ ಪ್ರಕಟವಾದದ್ದೂ ಆ ಅವಧಿಯಲ್ಲೇ, 1964ರಲ್ಲಿ. 1966ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ ಅಲ್ಲಿಂದ ಹೊರಟರು.

ಕವಿಗೂ ಧ್ವನಿಶಾಸ್ತ್ರದ ಕ್ಲಾಸಿಗೂ ಎತ್ತಣ ಸಂಬಂಧ ಎಂದು ಕೇಳುವವರಿದ್ದಾರೆ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಪದ್ಯ ಬರೆಯುವವನಿಗೆ ಕಿವಿ ಸೂಕ್ಷ್ಮವಿರಬೇಕು. ಇಲ್ಲಿಗೆ ಬರುತ್ತಿದ್ದ ಮಾಸ್ತರರಿಗೂ ಮೊದಲ ಪಾಠ ಕಿವಿಯದ್ದೇ. ನಾವು ಕನ್ನಡಿಗರು ಬಸ್ಸು, ಕಾರು, ಪೆನ್ನು ಎಂದು ಕೊನೆಗೊಂದು ಉಕಾರ ಅಂಟಿಸುತ್ತೇವೆ. ಎಗ್ ಎನ್ನಲು ಯೆಗ್ಗು ಎನ್ನುತ್ತೇವೆ. ‘ವೈನ್’ ಎಂದು ನಾವು ಒಂದೇ ಬಗೆಯಾಗಿ ಹೇಳುವ ಸದ್ದು ಇಂಗ್ಲಿಷಿನಲ್ಲಿ ಎರಡು ಪದ. ಹಲ್ಲು ಕೆಳತುಟಿಗೆ ತಾಗಿದರೆ ಬಳ್ಳಿ, ತುಟಿ ದುಂಡಗಾದರೆ ಮದ್ಯ. ಹುಡುಗ ಹೀಗೇಕೆ ತಪ್ಪುತ್ತಾನೆ ಎಂಬುದು ಅವನ ಮನೆಮಾತು ಗೊತ್ತಿದ್ದರೆ ತಾನಾಗಿ ತಿಳಿಯುತ್ತದೆ. ನಮ್ಮ ಮಾಸ್ತರರು ‘ತಪ್ಪು’ ಎಂದು ಗದರದೆ, ಫಲ ಎಂಬ ಮಾತಿನಿಂದ ಪೆನ್ ಹೇಳಿಸಿದ್ದು ಇದೇ ತಿಳಿವಳಿಕೆಯಿಂದ. ಇಂಗ್ಲಿಷ್ ಕಲಿಸುವವನಿಗೆ ಕನ್ನಡ ಚೆನ್ನಾಗಿ ಗೊತ್ತಿರಬೇಕು ಎಂದು ನಾನು ಇಂದಿಗೂ ನಂಬಿದ್ದೇನೆ.

ಆ ಜಾಗವೂ ಸಾಮಾನ್ಯದ್ದಲ್ಲ. ಪಕ್ಕದ ಉಸ್ಮಾನಿಯಾ 1918ರಲ್ಲಿ ಆರಂಭವಾದಾಗ ಎಲ್ಲ ಪಾಠಗಳೂ ಉರ್ದುವಿನಲ್ಲಿ ನಡೆಯುತ್ತಿದ್ದವು. ವಿಜ್ಞಾನವನ್ನೂ ದೇಶಭಾಷೆಯಲ್ಲಿ ಕಲಿಸಿ ತೋರಿಸಿದ ವಿಶ್ವವಿದ್ಯಾಲಯ ಅದು. ನಿಜಾಮರ ಕಾಲದಲ್ಲಿ ಬೀದರ, ಕಲಬುರ್ಗಿ, ರಾಯಚೂರಿನ ಕನ್ನಡ ಹುಡುಗರು ಪದವಿಗೆ ಅಲ್ಲಿಗೇ ಹೋಗುತ್ತಿದ್ದರು. ಕವಿ ಸಿದ್ಧಯ್ಯ ಪುರಾಣಿಕರು ಓದಿದ್ದೂ ಅಲ್ಲಿಯೇ. ಅಂಥ ನೆರೆಯಲ್ಲಿ ಕುಳಿತು ಇಂಗ್ಲಿಷ್ ಕಲಿಸುವ ಮಾತಾಡುವವರಿಗೆ ದೇಶಭಾಷೆಗಳ ಶಕ್ತಿ ಮರೆಯುವುದು ಸಾಧ್ಯವಿರಲಿಲ್ಲ.

ಗೋಕಾಕರಂತೂ ಮರೆಯಲಿಲ್ಲ. 1980ರಲ್ಲಿ ಕರ್ನಾಟಕ ಸರ್ಕಾರ ಶಾಲೆಗಳ ಭಾಷಾನೀತಿಗಾಗಿ ಸಮಿತಿ ನೇಮಿಸಿದಾಗ ಅದರ ಅಧ್ಯಕ್ಷರಾದವರು ಅವರೇ. ಹೈಸ್ಕೂಲಿನಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕು ಎಂದು 1981ರ ವರದಿ ಹೇಳಿತು. ಅದರ ಜಾರಿಗಾಗಿ ನಾಡು ಬೀದಿಗಿಳಿಯಿತು, ರಾಜಕುಮಾರರು ಮುಂದೆ ನಿಂತರು. ಇಂಗ್ಲಿಷ್ ಸಂಸ್ಥೆ ನಡೆಸಿದವರು ಕನ್ನಡದ ಪರ ವರದಿ ಬರೆದರಲ್ಲ ಎಂದು ಅಚ್ಚರಿಪಟ್ಟವರುಂಟು. ಮನೆಮಾತಿನ ಬೇರು ಭದ್ರವಿದ್ದವನಿಗೇ ಎರಡನೆಯ ಭಾಷೆ ಹತ್ತುತ್ತದೆ ಎಂಬುದನ್ನು ಮಾಸ್ತರಿಕೆ ಮಾಡಿದ ಯಾರೂ ಒಪ್ಪುತ್ತಾರೆ. ವರದಿಯ ಹಿಂದೆ ತಾರ್ನಾಕದ ವರ್ಷಗಳ ಅನುಭವವೂ ಇತ್ತೆಂದೇ ನನ್ನ ಎಣಿಕೆ.

1990ನೇ ಸಾಲಿನ ಜ್ಞಾನಪೀಠ ಅವರಿಗೆ ಬಂತು, 1992ರಲ್ಲಿ ತೀರಿಕೊಂಡರು. ಕವಿ ಗೋಕಾಕರ ಮೇಲೆ, ವರದಿಯ ಗೋಕಾಕರ ಮೇಲೆ ಬರೆದದ್ದು ಬಹಳ ಇದೆ. ಮಾಸ್ತರರಿಗೆ ಮಾಸ್ತರರಾದ ಗೋಕಾಕರ ಬಗ್ಗೆ ಬರೆದದ್ದು ಕಡಿಮೆ. ಅದಕ್ಕೆ ಕಾರಣವೂ ಇದೆ. ಕಾಲೇಜಿನ ಪ್ರೊಫೆಸರರ ಶಿಷ್ಯರು ಸಾಹಿತಿಗಳಾಗಿ ಗುರುವಿನ ನೆನಪು ಬರೆಯುತ್ತಾರೆ. ಈ ಸಂಸ್ಥೆಗೆ ಹೋಗಿ ಬಂದವರು ತಮ್ಮ ತಮ್ಮ ಊರಿನ ಶಾಲೆಗೆ ಮರಳಿ, ಸೀಮೆಸುಣ್ಣ ಹಿಡಿದು, ನಿವೃತ್ತರಾಗಿ ಸುಮ್ಮನಾದರು. ಅವರ ಕೈಯಲ್ಲಿ ಕಲಿತ ನಮ್ಮಂಥವರಿಗೆ ಗೋಕಾಕರನ್ನು ಕಣ್ಣಾರೆ ಕಂಡೇ ಗೊತ್ತಿಲ್ಲ.

ನಮ್ಮ ಮಾಸ್ತರರು ಈಗಿಲ್ಲ. ಆ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಬಂದವರಲ್ಲಿ ಇಂದು ಉಳಿದಿರುವವರು ಎಂಬತ್ತು ದಾಟಿದವರು. ನಿಮ್ಮ ಊರಿನಲ್ಲಿ ಅಂಥವರೊಬ್ಬರಿದ್ದರೆ ಈ ವಾರವೇ ಹೋಗಿ ಮಾತಾಡಿಸಿ. ಅವರು ಹೇಳಿದ್ದನ್ನು ಬರೆದಿಡಿ.