ಕರಾವಳಿಯ ಸೆಕೆಗೆ ತುಂತುರು ಮಂಜು: ಖರೀದಿಗೆ ಮುನ್ನ ಒಂದು ಲೆಕ್ಕ

ಮಾರ್ಚ್ ತಿಂಗಳು ಬಂತೆಂದರೆ ದಕ್ಷಿಣ ಕನ್ನಡದ ಕಾರ್ಖಾನೆ, ಗೋದಾಮು ಹಾಗೂ ಅಂಗಡಿಗಳಲ್ಲಿ ಸೆಕೆಯ ಕಾಲ ಆರಂಭವಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವವರೆಗೂ ಅದು ಬಿಡುವುದಿಲ್ಲ. ಮೂಡುಬಿದಿರೆ ಸಮೀಪದ ಶಿರ್ತಾಡಿಯಂತಹ ಊರುಗಳಲ್ಲಿ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನದ ಪಾಳಿ ನಡೆಸುವುದು ಮಾಲೀಕನಿಗೂ ಕಾರ್ಮಿಕನಿಗೂ ಸಮಾನವಾಗಿ ಕಷ್ಟದ ಕೆಲಸ. ಮಿಸ್ಟಿಂಗ್ ವ್ಯವಸ್ಥೆಯ ದರಪಟ್ಟಿಗಳು ಉದ್ಯಮಿಗಳ ಮೇಜಿಗೆ ಬಂದು ಬೀಳುವುದೂ ಇದೇ ದಿನಗಳಲ್ಲಿ. ‘10 ಡಿಗ್ರಿ ತಂಪು, ಹವಾನಿಯಂತ್ರಣಕ್ಕಿಂತ ಅಗ್ಗ’ ಎಂಬುದು ಅವುಗಳ ಸಾಮಾನ್ಯ ಭರವಸೆ. ಈ ಭರವಸೆ ಸುಳ್ಳಲ್ಲ. ಆದರೆ ಅದು ಎಲ್ಲ ಊರುಗಳಿಗೂ ಅನ್ವಯಿಸುವುದಿಲ್ಲ. ಹಣ ಹೂಡುವ ಮುನ್ನ ಈ ವ್ಯತ್ಯಾಸವನ್ನು ಅರಿಯುವುದು ಅಗತ್ಯ.

ತಂಪಾಗುವ ಬಗೆ

ಈ ವ್ಯವಸ್ಥೆಯಲ್ಲಿ ಪಂಪು ನೀರನ್ನು ಸುಮಾರು 70 ಬಾರ್ ಒತ್ತಡದಲ್ಲಿ ಅತಿ ಸೂಕ್ಷ್ಮ ರಂಧ್ರವುಳ್ಳ ನಾಜಲ್‌ಗಳ ಮೂಲಕ ಹೊರದೂಡುತ್ತದೆ. ಹೊರಬಂದ ಹನಿಗಳು ಕೂದಲೆಳೆಗಿಂತಲೂ ಸಣ್ಣವಾಗಿದ್ದು, ನೆಲ ಸೇರುವ ಮೊದಲೇ ಆವಿಯಾಗುತ್ತವೆ. ಆವಿಯಾಗಲು ಬೇಕಾದ ಶಾಖವನ್ನು ಅವು ಸುತ್ತಲಿನ ಗಾಳಿಯಿಂದಲೇ ಪಡೆಯುವುದರಿಂದ ಗಾಳಿ ತಂಪಾಗುತ್ತದೆ. ಒಂದು ಲೀಟರ್ ನೀರು ಪೂರ್ಣವಾಗಿ ಆವಿಯಾದರೆ ಸುಮಾರು 2,400 ಕಿಲೋಜೂಲ್ ಶಾಖ, ಅಂದರೆ ಒಂದು ಯೂನಿಟ್ ವಿದ್ಯುತ್ತಿನ ಮೂರನೇ ಎರಡು ಭಾಗಕ್ಕೆ ಸಮನಾದ ಶಾಖ, ಗಾಳಿಯಿಂದ ಕಡಿಮೆಯಾಗುತ್ತದೆ. ಪಂಪಿಗೆ ತಗಲುವ ವಿದ್ಯುತ್ ಇದರ ಮುಂದೆ ಅತ್ಯಲ್ಪ. ಈ ವಿಧಾನದ ಆಕರ್ಷಣೆಯಿರುವುದು ಇಲ್ಲಿಯೇ.

ಆದರೆ ನೀರು ಆವಿಯಾಗಬೇಕಾದರೆ ಗಾಳಿಯಲ್ಲಿ ಅದಕ್ಕೆ ಸ್ಥಳವಿರಬೇಕು. ಈಗಾಗಲೇ ತೇವದಿಂದ ತುಂಬಿದ ಗಾಳಿ ಇನ್ನಷ್ಟು ತೇವವನ್ನು ಹೀರುವುದಿಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ಎಷ್ಟು ಡಿಗ್ರಿಗೆ ಇಳಿಯುವುದೋ, ಅದಕ್ಕಿಂತ ಕೆಳಗೆ ಯಾವ ಕಂಪನಿಯ ಯಂತ್ರವೂ ಮಂಜಿನಿಂದ ಗಾಳಿಯನ್ನು ತಂಪಾಗಿಸಲಾರದು. ಇದನ್ನೇ ಒದ್ದೆ ಬಲ್ಬ್ ತಾಪಮಾನ ಎನ್ನುತ್ತಾರೆ.

ಕಲಬುರಗಿಯ ಲೆಕ್ಕ, ಶಿರ್ತಾಡಿಯ ಲೆಕ್ಕ

ಕಲಬುರಗಿಯಲ್ಲಿ ಬೇಸಿಗೆಯ ಒಂದು ಮಧ್ಯಾಹ್ನ ತಾಪಮಾನ 41 ಡಿಗ್ರಿ ಸೆಲ್ಸಿಯಸ್, ಗಾಳಿಯ ಆರ್ದ್ರತೆ ಶೇಕಡಾ 15 ಇದೆಯೆಂದು ಭಾವಿಸಿದರೆ, ಒದ್ದೆ ಬಲ್ಬ್ ತಾಪಮಾನ ಸುಮಾರು 21.5 ಡಿಗ್ರಿ. ಅಂತರ 19 ಡಿಗ್ರಿಗೂ ಅಧಿಕ. ಯಂತ್ರ ಇದರ ಅರ್ಧದಷ್ಟನ್ನು ಸಾಧಿಸಿದರೂ 9 ರಿಂದ 10 ಡಿಗ್ರಿ ತಂಪು ಖಚಿತ. ದರಪಟ್ಟಿಯ ಮಾತು ಅಲ್ಲಿ ನಿಜವಾಗುತ್ತದೆ.

ಶಿರ್ತಾಡಿಯ ಕಡೆ ತಾಪಮಾನ 34 ಡಿಗ್ರಿ, ಆರ್ದ್ರತೆ ಶೇಕಡಾ 60 ಇದ್ದರೆ ಒದ್ದೆ ಬಲ್ಬ್ ತಾಪಮಾನ ಸುಮಾರು 27.5 ಡಿಗ್ರಿ. ಅಂತರ ಕೇವಲ 6.5 ಡಿಗ್ರಿ; ಅದರ ಅರ್ಧವೆಂದರೆ 3 ಡಿಗ್ರಿ. ಅಷ್ಟು ತಂಪಿನ ಜೊತೆಗೆ ಆರ್ದ್ರತೆ ಶೇಕಡಾ 75ನ್ನು ದಾಟುತ್ತದೆ. ಥರ್ಮಾಮೀಟರ್ ಇಳಿದರೂ ಮೈಬೆವರು ಆರುವುದಿಲ್ಲ. ಗಾಳಿಯ ಹೊರಹರಿವಿಲ್ಲದ ಮುಚ್ಚಿದ ಶೆಡ್ಡಿನಲ್ಲಿ ಕಾರ್ಮಿಕರ ಪರಿಸ್ಥಿತಿ ಸುಧಾರಿಸುವ ಬದಲು ಹದಗೆಡಲೂಬಹುದು. ಬಿಸಿಗಾಳಿಯ ಘೋಷಣೆಗೆ ಹವಾಮಾನ ಇಲಾಖೆ ಬಯಲು ಪ್ರದೇಶಕ್ಕೆ 40 ಡಿಗ್ರಿಯ ಮಿತಿಯನ್ನೂ ಕರಾವಳಿಗೆ 37 ಡಿಗ್ರಿಯ ಮಿತಿಯನ್ನೂ ಇಟ್ಟುಕೊಂಡಿರುವುದು ಇಲ್ಲಿ ನೆನಪಿಡತಕ್ಕ ಸಂಗತಿ.

ಯಾವ ಉದ್ಯಮಕ್ಕೆ ಹಿತ?

ತೇವವೇ ಶತ್ರುವಾಗಿರುವ ಸರಕುಗಳ ಬಳಿ ಮಂಜಿನ ನಾಜಲ್ ಅಳವಡಿಸುವುದು ಸರ್ವಥಾ ಸಲ್ಲದು. ಗೇರುಬೀಜದ ತಿರುಳನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಪ್ಯಾಕಿಂಗ್ ಹಂತದಲ್ಲಿ ಅದರ ತೇವಾಂಶ ಶೇಕಡಾ 5ನ್ನು ಮೀರದಂತೆ ನೋಡಿಕೊಳ್ಳುವುದು ರಫ್ತು ವ್ಯಾಪಾರದ ನಿಯಮ. ಆ ಕೊಠಡಿಯಲ್ಲಿ ಮಂಜು ಹರಿಸಿದರೆ ಒಣಗಿಸಲು ಮಾಡಿದ ಖರ್ಚು ವ್ಯರ್ಥವಾಗುತ್ತದೆ. ಅಡಿಕೆ, ಕೊಬ್ಬರಿ, ಕರಿಮೆಣಸಿನ ದಾಸ್ತಾನಿಗೆ ಬೂಷ್ಟಿನ ಭಯ. ಮುದ್ರಣಾಲಯದಲ್ಲಿ ಕಾಗದ ಮುದುಡುತ್ತದೆ. ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.

ಇದಕ್ಕೆ ವಿರುದ್ಧವಾಗಿ ನರ್ಸರಿಗಳಿಗೆ ಈ ವ್ಯವಸ್ಥೆ ಅತ್ಯಂತ ಉಪಯುಕ್ತ. ಬೇರು ಬಿಡದ ಕರಿಮೆಣಸಿನ ಕಡ್ಡಿಗಳಿಗೂ ಕಸಿ ಗಿಡಗಳಿಗೂ ತಂಪಿನಷ್ಟೇ ತೇವವೂ ಬೇಕು. ಕೋಳಿ ಸಾಕಣೆಯಲ್ಲಿಯೂ ಇದು ಬಳಕೆಯಲ್ಲಿದೆ. ಆದರೆ ಕೋಳಿಗಳು ಏದುಸಿರಿನ ಮೂಲಕವೇ ಮೈಶಾಖ ಕಳೆದುಕೊಳ್ಳುವುದರಿಂದ ಫ್ಯಾನಿನ ಗಾಳಿಯೊಂದಿಗೆ, ಆರ್ದ್ರತೆ ಕಡಿಮೆಯಿರುವ ಮಧ್ಯಾಹ್ನದ ಗಂಟೆಗಳಲ್ಲಿ ಮಾತ್ರ ಬಿಟ್ಟುಬಿಟ್ಟು ನಡೆಸಬೇಕು. ಹೋಟೆಲಿನ ಅಂಗಳ, ಮದುವೆಯ ಚಪ್ಪರ ಮುಂತಾದ ತೆರೆದ ಜಾಗಗಳಲ್ಲಿ ಗಾಳಿಯಾಡುವುದರಿಂದ ಅಲ್ಪಮಟ್ಟಿನ ಅನುಕೂಲ ದೊರೆಯುತ್ತದೆ.

ನೀರಿನ ಬಗ್ಗೆ ಎಚ್ಚರ

ಒಂದು ನಾಜಲ್ ಗಂಟೆಗೆ ಸುಮಾರು 5 ಲೀಟರ್ ನೀರು ಬಳಸಿದರೆ, 20 ನಾಜಲ್‌ಗಳು 8 ಗಂಟೆಗಳಲ್ಲಿ 800 ಲೀಟರ್ ಬಳಸುತ್ತವೆ. ಬಾವಿಗಳು ತಳ ಕಾಣುವ ಏಪ್ರಿಲ್, ಮೇ ತಿಂಗಳಲ್ಲಿಯೇ ಈ ನೀರು ಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ನೀರಿನಲ್ಲಿ ಕಬ್ಬಿಣದ ಅಂಶ ಅಥವಾ ಕೆಸರಿದ್ದರೆ ನಾಜಲ್ ಬಹುಬೇಗ ಕಟ್ಟಿಕೊಳ್ಳುತ್ತದೆ.

ಆರೋಗ್ಯದ ಅಪಾಯ ಇನ್ನೂ ಗಂಭೀರವಾದುದು. 1989ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದ ಬೊಗಲೂಸಾ ಪಟ್ಟಣದಲ್ಲಿ ಲೀಜನೇರ್ ಎಂಬ ನ್ಯುಮೋನಿಯಾ ರೋಗ ಹರಡಿತು. ತನಿಖೆಯಲ್ಲಿ ಅದರ ಮೂಲ ದಿನಸಿ ಮಳಿಗೆಯೊಂದರಲ್ಲಿ ತರಕಾರಿಗಳ ಮೇಲೆ ಮಂಜು ಹರಿಸುತ್ತಿದ್ದ ಯಂತ್ರವೆಂದು ತಿಳಿದುಬಂತು. ಈ ರೋಗಾಣು ನಿಂತ, ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆಯುತ್ತದೆ. ಬಿಸಿಲಿಗೆ ಕಾದ ತಾರಸಿಯ ಟ್ಯಾಂಕು ಅದಕ್ಕೆ ಹೇಳಿ ಮಾಡಿಸಿದ ತಾಣ. ಕೃತಕವಾಗಿ ತೇವ ಹೆಚ್ಚಿಸುವ ಕಾರ್ಖಾನೆಗಳು ಕುಡಿಯುವ ನೀರನ್ನು ಅಥವಾ ಶುದ್ಧೀಕರಿಸಿದ ನೀರನ್ನು ಮಾತ್ರ ಬಳಸತಕ್ಕದ್ದೆಂದು 1948ರ ಕಾರ್ಖಾನೆ ಕಾಯ್ದೆಯ 15ನೇ ಪ್ರಕರಣ ವಿಧಿಸಿತ್ತು. ಆ ಕಾಯ್ದೆಯ ಸ್ಥಾನಕ್ಕೆ 2025ರ ನವೆಂಬರ್‌ನಲ್ಲಿ ಹೊಸ ಸಂಹಿತೆ ಬಂದಿದ್ದರೂ ಆ ಮಾತಿನ ವಿವೇಕ ಹಳತಾಗಿಲ್ಲ. ಯಂತ್ರ ನಿಲ್ಲಿಸಿದಾಗ ಕೊಳವೆಗಳನ್ನು ಪೂರ್ಣ ಬರಿದು ಮಾಡುವುದು, ಟ್ಯಾಂಕನ್ನು ನಿಯಮಿತವಾಗಿ ಶುಚಿಗೊಳಿಸುವುದು ಅನಿವಾರ್ಯ.

ತೆರಿಗೆಯ ದೃಷ್ಟಿಯಿಂದ

ಇಂತಹ ವ್ಯವಸ್ಥೆಗೆ ಸಾಮಾನ್ಯ ಯಂತ್ರೋಪಕರಣಗಳಂತೆ ಶೇಕಡಾ 15ರ ಸವಕಳಿ ದೊರೆಯುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಕೆಯಲ್ಲಿದ್ದರೆ ಆ ವರ್ಷಕ್ಕೆ ಅರ್ಧ ದರ ಮಾತ್ರ. ಹೀಗಾಗಿ ಮಾರ್ಚ್‌ನಲ್ಲಿ ಅವಸರದಿಂದ ಅಳವಡಿಸಿದವರಿಗೆ ಮೊದಲ ವರ್ಷ ಸಿಗುವುದು ಶೇಕಡಾ 7.5. ನೋಂದಾಯಿತ ತಯಾರಕರು ಜಿಎಸ್‌ಟಿ ಹೂಡುವಳಿ ತೆರಿಗೆಯನ್ನು ಜಮೆ ಪಡೆಯಬಹುದು. ಆದರೆ ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಪುನಃ ಸವಕಳಿ ಪಡೆಯುವಂತಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಜಮೆ ಇಲ್ಲ.

ಇನ್ನೊಂದು ವಿಪರ್ಯಾಸವುಂಟು. ಕರಾವಳಿಯಲ್ಲಿ ಮಂಜು ನಿಜವಾಗಿ ಫಲ ಕೊಡುವುದು ನರ್ಸರಿಗೆ. ಆದರೆ ಗಿಡಗಳ ಮಾರಾಟಕ್ಕೆ ಜಿಎಸ್‌ಟಿ ಇಲ್ಲವಾದ್ದರಿಂದ ಹೂಡುವಳಿ ತೆರಿಗೆ ಜಮೆಯೂ ಇಲ್ಲ. ಸಸಿಗಳ ಆದಾಯ ಕೃಷಿ ಆದಾಯವೆನಿಸಿ ಆದಾಯ ತೆರಿಗೆಯಿಂದ ಮುಕ್ತವಾಗಿರುವುದರಿಂದ ಸವಕಳಿಯ ಲಾಭವೂ ಇಲ್ಲ. ಜೀವಂತ ಕೋಳಿ ಮಾರುವವರಿಗೂ ಜಿಎಸ್‌ಟಿ ಜಮೆ ದೊರೆಯದು. ಆದ್ದರಿಂದ ಇವರು ತೆರಿಗೆ ಸೇರಿದ ಪೂರ್ಣ ಬೆಲೆಯನ್ನೇ ಬಂಡವಾಳವೆಂದು ಪರಿಗಣಿಸಿ, ಉಳಿಯುವ ಸಸಿಗಳ ಅಥವಾ ಕೋಳಿಗಳ ಬೆಲೆಯೊಂದಿಗೆ ತಾಳೆ ನೋಡಬೇಕು.

ಮೊದಲು ಮಾಡಬೇಕಾದದ್ದು

ದರಪಟ್ಟಿಗೆ ಸಹಿ ಹಾಕುವ ಮುನ್ನ ಎರಡು ಸಾಮಾನ್ಯ ಥರ್ಮಾಮೀಟರುಗಳನ್ನು ಕೊಂಡು ಶೆಡ್ಡಿನಲ್ಲಿ ತೂಗುಹಾಕಬೇಕು. ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಎರಡಕ್ಕೂ ಫ್ಯಾನಿನ ಗಾಳಿ ತಾಗುವಂತೆ ಮಾಡಿ, ಒಂದು ವಾರ ಮಧ್ಯಾಹ್ನ ಎರಡು ಗಂಟೆಗೆ ಎರಡನ್ನೂ ಓದಿ ಬರೆದಿಡಬೇಕು. ಅಂತರದ ಅರ್ಧವೇ ನಿರೀಕ್ಷಿಸಬಹುದಾದ ತಂಪು. ಅಂತರ 10 ಡಿಗ್ರಿ ಮೀರಿದರೆ ಮುಂದುವರಿಯಬಹುದು. 6 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಹಣವನ್ನು ಬೇರೆಡೆ ತೊಡಗಿಸುವುದು ಲೇಸು.

ಬೇರೆಡೆ ಎಂದರೆ ಮೊದಲಿಗೆ ಮಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಹಂಚಿನ ಮಾಡುಗಳು ತಮ್ಮ ಸಂದುಗಳಿಂದ ಬಿಸಿಗಾಳಿಯನ್ನು ಹೊರಬಿಡುತ್ತಿದ್ದವು. ತಗಡಿನ ಮಾಡಿನಲ್ಲಿ ಆ ದಾರಿಯಿಲ್ಲ. ತಗಡಿಗೆ ಬಿಳಿ ಬಣ್ಣ ಬಳಿಯುವುದು, ನೆತ್ತಿಯಲ್ಲಿ ಗಾಳಿಕಿಂಡಿ ಇಡುವುದು, ದೊಡ್ಡ ಎಕ್ಸಾಸ್ಟ್ ಫ್ಯಾನ್ ಅಳವಡಿಸುವುದು ಕರಾವಳಿಗೆ ಒಗ್ಗುವ ಉಪಾಯಗಳು. ನೀರು ಸಾಕಷ್ಟಿದ್ದರೆ ಅದನ್ನು ಶೆಡ್ಡಿನ ಒಳಗಲ್ಲ, ಮಾಡಿನ ಮೇಲೆ ಚಿಮುಕಿಸಬೇಕು. ಆಗ ತಂಪು ಒಳಗೆ ಬರುತ್ತದೆ, ತೇವ ಹೊರಗೇ ಉಳಿಯುತ್ತದೆ.